ಬಾಲ್ಯದ ದೌರ್ಜನ್ಯ ಮತ್ತು ವ್ಯಸನದ ಬಗ್ಗೆ ಆರು ಕಂತಿನ ಟಿವಿ ನಾಟಕ: ಯಾವುದನ್ನು ತೋರಿಸಬೇಕು, ಎಲ್ಲಿ ತೋರಿಸಬೇಕು? (ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಕರಡುಪ್ರತಿ:

ಆರು ಕಂತು, ತಲಾ 45 ನಿಮಿಷ. ಚಿತ್ರಕಥೆಯ ಎರಡನೇ ಕರಡು ಮುಗಿದಿದೆ. ನಾಯಕನಿಗೆ 34 ವರ್ಷ. ಎಂಟರಿಂದ ಹನ್ನೊಂದನೇ ವಯಸ್ಸಿನವರೆಗೆ ಹೆತ್ತ ತಂದೆಯಿಂದಲೇ ಲೈಂಗಿಕ ದೌರ್ಜನ್ಯ ಅನುಭವಿಸಿದವನು. ಹತ್ತೊಂಬತ್ತಕ್ಕೆ ಹೆರಾಯಿನ್ ಹಿಡಿದಿದೆ, ಆಮೇಲೆ ಅದರ ಜೊತೆಗೆ ಕುಡಿತವೂ ಸೇರಿದೆ. ತಾಯಿ ಹಳೇ ಮನೆ ಮಾರಲು ಹೊರಟಿದ್ದಾಳೆ, ಸಾಮಾನು ಖಾಲಿ ಮಾಡಲು ಅವನು ಆ ಮನೆಗೆ ಬರಬೇಕು. ಕಥೆ ಶುರುವಾಗುವುದು ಅಲ್ಲಿಂದ.

ಬಾಲ್ಯದಲ್ಲಿ ಏನಾಯಿತೆಂಬುದನ್ನು ಐದನೇ ಕಂತಿನವರೆಗೆ ಮುಚ್ಚಿಟ್ಟಿದ್ದೇನೆ. ಓದಿದವರು ‘ತುಂಬಾ ತಡವಾಯಿತು’ ಅನ್ನುತ್ತಿದ್ದಾರೆ. ಹೆರಾಯಿನ್ ಬಿಡುವ ಭಾಗ ಒಂದೇ ರಾತ್ರಿಯದು: ಹೊರಳಾಡುತ್ತಾನೆ, ಬೆವರುತ್ತಾನೆ, ಬೆಳಗ್ಗೆ ಕಿಟಕಿ ತೆರೆದು ನಿಲ್ಲುತ್ತಾನೆ. ಅದು ಸುಳ್ಳೆಂದು ನನಗೇ ಅನ್ನಿಸುತ್ತಿದೆ. ಹುಡುಗನ ಪಾತ್ರಕ್ಕೆ ಒಂಬತ್ತು ವರ್ಷದ ಮಗು ಬರುತ್ತದೆ, ಆ ದೃಶ್ಯಗಳನ್ನು ಮಗುವಿಗೆ ಏನೂ ತಟ್ಟದ ಹಾಗೆ ಬರೆಯುವುದು ಹೇಗೆ? ಕೊನೆಯ ಕಂತಿನಲ್ಲಿ ಅವನು ತಾಯಿಯೆದುರು ಎಲ್ಲವನ್ನೂ ಹೇಳಿ, ಅತ್ತು, ಹಗುರಾಗುತ್ತಾನೆ. ಅದೂ ಸರಿ ಕಾಣುತ್ತಿಲ್ಲ. ಈ ಕೆಲಸ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಕತ್ತರಿಪ್ರಯೋಗ:

ಮೊದಲು ಮುಚ್ಚಿಟ್ಟಿರುವ ವಿಷಯ. ಐದನೇ ಕಂತಿನ ತನಕ ಗುಟ್ಟು ಕಾಯ್ದರೆ ನೋಡುಗ ಪತ್ತೇದಾರನಾಗುತ್ತಾನೆ. ‘ಇವನಿಗೆ ಏನಾಗಿತ್ತು’ ಎಂಬ ಒಗಟಷ್ಟೇ ಅವನ ತಲೆಯಲ್ಲಿರುತ್ತದೆ. ಉತ್ತರ ಸಿಕ್ಕ ಕ್ಷಣ ಮಗುವಿನ ಸಂಕಟ ಒಂದು ತಿರುವಾಗಿ ಬಳಕೆಯಾಗಿಬಿಡುತ್ತದೆ. ಇದು ಕಸುಬಿನ ತಪ್ಪು ಮಾತ್ರವಲ್ಲ, ನೋಡುವವರಲ್ಲಿ ಇದೇ ನೋವು ಉಂಡವರಿಗೆ ಮಾಡುವ ಅನ್ಯಾಯವೂ ಹೌದು. ಎರಡನೇ ಕಂತಿನಲ್ಲೇ ಗೊತ್ತಾಗಲಿ. ಆಗ ಪ್ರಶ್ನೆ ‘ಇದನ್ನು ಹೊತ್ತುಕೊಂಡು ಇವನು ಬದುಕುವುದು ಹೇಗೆ’ ಎಂದಾಗುತ್ತದೆ. ಉಳಿದ ನಾಲ್ಕು ಕಂತು ಎಳೆಯುವ ಶಕ್ತಿ ಈ ಪ್ರಶ್ನೆಗಿದೆ.

ಇದೇ ವಸ್ತುವಿನ ಮೇಲೆ 2018ರಲ್ಲಿ ಬಂದ ‘ಪ್ಯಾಟ್ರಿಕ್ ಮೆಲ್ರೋಸ್’ ಸರಣಿಯ ಜೋಡಣೆಯನ್ನು ಒಮ್ಮೆ ಪೇಪರ್ ಮೇಲೆ ಬರೆದು ನೋಡಿ. ಐದು ಕಾದಂಬರಿಗಳನ್ನು ಆಧರಿಸಿದ ಐದು ಕಂತು. ಮೂಲದಲ್ಲಿ ಬಾಲ್ಯದ ಕಾದಂಬರಿ ಮೊದಲು. ಚಿತ್ರಕಥೆ ಬರೆದ ಡೇವಿಡ್ ನಿಕೋಲ್ಸ್ ಮೊದಲೆರಡನ್ನು ಅದಲುಬದಲು ಮಾಡಿದರು. ಹಾಗಾಗಿ ಮೊದಲ ಕಂತು 1982, ನ್ಯೂಯಾರ್ಕಿನಲ್ಲಿ ತೀರಿಕೊಂಡ ತಂದೆಯ ಚಿತಾಭಸ್ಮ ತರಲು ಹೋಗುವ ಹೆರಾಯಿನ್ ವ್ಯಸನಿ. ಎರಡನೆಯದು 1967, ದಕ್ಷಿಣ ಫ್ರಾನ್ಸಿನ ಮನೆ, ಪುಟ್ಟ ಹುಡುಗ. ಮೂರನೆಯದು 1990. ಆ ಹೊತ್ತಿಗೆ ಅವನು ಡ್ರಗ್ಸ್ ಬಿಟ್ಟಿದ್ದಾನೆ, ಗೆಳೆಯನೊಬ್ಬನಿಗೆ ಮೊದಲ ಸಲ ವಿಷಯ ಹೇಳುತ್ತಾನೆ. ಆಮೇಲೆ 2003 ಮತ್ತು 2005.

ಇದರಲ್ಲಿ ನಿಮ್ಮ ಎರಡು ಗಂಟು ಬಿಚ್ಚುತ್ತವೆ. ಒಂದು, ನೋಡುಗ ಮೊದಲು ವ್ಯಸನಿಯನ್ನು ನೋಡಿ ಬೇಸರಪಡುತ್ತಾನೆ, ಬಳಿಕ ಮಗುವನ್ನು ನೋಡಿ ತನ್ನ ಬೇಸರವನ್ನು ತಾನೇ ತಿದ್ದಿಕೊಳ್ಳುತ್ತಾನೆ. ಇನ್ನೊಂದು, ಬಾಯಿಬಿಟ್ಟು ಹೇಳುವುದು ಮೂರನೇ ಕಂತಿಗೇ ಬರುತ್ತದೆ. ಹೇಳಿಯೂ ನಾಲ್ಕನೇ ಕಂತಿನಲ್ಲಿ ಅವನು ಕುಡಿತಕ್ಕೆ ಬೀಳುತ್ತಾನೆ. ಹೇಳಿದ ಮಾತ್ರಕ್ಕೆ ವಾಸಿಯಾಗುವುದಿಲ್ಲ ಎಂಬುದನ್ನು ಯಾರ ಬಾಯಲ್ಲೂ ಹೇಳಿಸದೆ ಕಂತುಗಳ ಜೋಡಣೆಯೇ ಹೇಳುತ್ತದೆ.

ಇನ್ನು ಫ್ಲ್ಯಾಶ್‌ಬ್ಯಾಕ್. ಕಪ್ಪುಬಿಳುಪು, ಮಂಜುಮಂಜಾದ ಅಂಚು, ಪಿಟೀಲು ಯಾವುದೂ ಬೇಡ. ಇಂಥ ನೆನಪು ಕಥೆಯಾಗಿ ಬರುವುದಿಲ್ಲ, ಚೂರುಚೂರಾಗಿ, ಇಂದ್ರಿಯಗಳ ಮೂಲಕ ನುಗ್ಗುತ್ತದೆ. ಒಂದು ವಾಸನೆ, ಮೆಟ್ಟಿಲ ಮೇಲಿನ ಹೆಜ್ಜೆ, ಚಿಲಕದ ಸದ್ದು. ಆದ್ದರಿಂದ ಸದ್ದು ಮೊದಲು ಬರಲಿ, ಚಿತ್ರ ಆಮೇಲೆ. ಮೊದಲ ಕಂತಿನಲ್ಲಿ ಚಿಲಕದ ಸದ್ದಷ್ಟೇ ಇರಲಿ, ಚಿತ್ರವೇ ಬೇಡ. ಅವನ ಕೈಯಲ್ಲಿನ ಲೋಟ ಅರ್ಧದಾರಿಯಲ್ಲಿ ನಿಲ್ಲುತ್ತದೆ, ಅಷ್ಟೇ. ಮುಂದೆ ಅದೇ ಸದ್ದಿಗೆ ಎರಡು ಸೆಕೆಂಡಿನ ಚಿತ್ರ, ಅಂದರೆ ಸೆಕೆಂಡಿಗೆ 24ರ ಲೆಕ್ಕದಲ್ಲಿ 48 ಫ್ರೇಮ್. ಪ್ರತಿ ಸಲವೂ ಅದೇ ಚೂರು ಮರುಕಳಿಸಲಿ, ಪ್ರತಿ ಸಲವೂ ಒಂದೇ ಒಂದು ಹೊಸ ವಿವರ ಸೇರಲಿ. ಐದಾರು ಸೆಕೆಂಡ್ ದಾಟಿದರೆ ಅದು ನೆನಪಾಗಿ ಉಳಿಯುವುದಿಲ್ಲ, ಮಾಹಿತಿ ಕೊಡುವ ದೃಶ್ಯವಾಗುತ್ತದೆ.

ಕೃತ್ಯವನ್ನು ತೋರಿಸಲೇಬೇಡಿ. ಬಾಗಿಲು ಮುಚ್ಚುತ್ತದೆ, ನಾವು ಹೊರಗೇ ಉಳಿಯುತ್ತೇವೆ, ಮನೆ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಕೆಳಗೆ ಊಟದ ತಟ್ಟೆಗಳ ಸದ್ದು, ಯಾರೋ ನಕ್ಕಿದ್ದು. ತಾಯಿ ಒಮ್ಮೆ ಮೆಟ್ಟಿಲ ಕಡೆ ನೋಡಿ ಮತ್ತೆ ತಟ್ಟೆ ಜೋಡಿಸಲಿ. ಅವಳಿಗೆ ಗೊತ್ತಿತ್ತೇ ಎಂಬ ಪ್ರಶ್ನೆ ಆ ಒಂದು ನೋಟದಲ್ಲೇ ಇರುತ್ತದೆ.

ರಾತ್ರಿಪಾಳಿ:

ಡೀಟಾಕ್ಸ್ ವಾರ್ಡಿನ, ಅಂದರೆ ಚಟ ಬಿಡಿಸುವ ವಾರ್ಡಿನ ಲೆಕ್ಕದಲ್ಲಿ ಹೇಳುತ್ತೇನೆ. ನಿಮ್ಮ ‘ಒಂದು ರಾತ್ರಿ’ ಖಂಡಿತ ಸಾಲದು.

ಹೆರಾಯಿನ್ ಕೊನೆಯ ಸಲ ತೆಗೆದುಕೊಂಡ 8ರಿಂದ 24 ಗಂಟೆಯೊಳಗೆ, ಚಟ ನಿಂತದ್ದಕ್ಕೆ ಮೈ ತೋರಿಸುವ ಪ್ರತಿಕ್ರಿಯೆ, ಅಂದರೆ ವಿತ್‌ಡ್ರಾವಲ್ ಶುರುವಾಗುತ್ತದೆ. ಚೀರಾಟದಿಂದಲ್ಲ, ಆಕಳಿಕೆಯಿಂದ. ಒಂದಾದ ಮೇಲೊಂದು ಆಕಳಿಕೆ, ಕಣ್ಣಲ್ಲಿ ನೀರು, ಸೋರುವ ಮೂಗು, ಕಾರಣವಿಲ್ಲದ ಸಿಡುಕು. ನೋಡಿದವರಿಗೆ ನೆಗಡಿ ಅನ್ನಿಸಬೇಕು. ಆಮೇಲೆ ಬೆವರು ಮತ್ತು ಚಳಿ ಒಟ್ಟಿಗೇ, ಕೋಳಿ ಪುಕ್ಕ ಕಿತ್ತ ಹಾಗೆ ಮೈಯೆಲ್ಲ ರೋಮಾಂಚ, ಮೂಳೆಯೊಳಗೆ ನೋವು, ಹೊಟ್ಟೆ ನುಲಿತ, ವಾಂತಿ, ಭೇದಿ. ಕಾಲು ಸುಮ್ಮನೆ ನಿಲ್ಲುವುದಿಲ್ಲ, ಹಾಸಿಗೆಯಲ್ಲಿ ಒದೆಯುತ್ತಲೇ ಇರುತ್ತಾನೆ. ಎರಡು, ಮೂರನೇ ದಿನ ಅತಿ ಕೆಟ್ಟವು. ಒಟ್ಟು ನಾಲ್ಕರಿಂದ ಹತ್ತು ದಿನ. ಅದು ಮುಗಿದ ಮೇಲೂ ನಿದ್ದೆಗೇಡು, ಯಾವುದರಲ್ಲೂ ರುಚಿಯಿಲ್ಲದ ಮಂಕು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಸಾಮಾನ್ಯವಾಗಿ ಚಟ ಮರುಕಳಿಸುವುದು ಈ ಮಂಕಿನಲ್ಲಿ. ನಿಮ್ಮ ಕಿಟಕಿಯ ದೃಶ್ಯವನ್ನು ಹನ್ನೆರಡನೇ ದಿನಕ್ಕೆ ತಳ್ಳಿ, ಅವನು ಕಿಟಕಿ ತೆರೆದು ಏನೂ ಅನ್ನಿಸದೆ ಮುಚ್ಚಲಿ.

ಮೇಕಪ್‌ನವರು ಕಣ್ಣಿನಲ್ಲಿ ಪದೇಪದೇ ತಪ್ಪುತ್ತಾರೆ. ಹೆರಾಯಿನ್ ಮೈಯಲ್ಲಿರುವಾಗ ಪಾಪೆ ಸೂಜಿಮೊನೆಯಷ್ಟು ಕಿರಿದು. ವಿತ್‌ಡ್ರಾವಲ್‌ನಲ್ಲಿ ಅದು ಅಗಲವಾಗುತ್ತದೆ. ಕ್ಲೋಸಪ್ ಇದ್ದರೆ ನಟನ ಕಣ್ಣಿಗೆ ಎರಡು ಜೊತೆ ಕಾಂಟ್ಯಾಕ್ಟ್ ಲೆನ್ಸ್ ಬೇಕು. ಯಾವ ದೃಶ್ಯಕ್ಕೆ ಯಾವುದು ಎಂದು ಕಂಟಿನ್ಯೂಟಿ ಹಾಳೆಯಲ್ಲೇ (ದೃಶ್ಯದಿಂದ ದೃಶ್ಯಕ್ಕೆ ಹೊಂದಿಕೆ ಕಾಯುವ ಪಟ್ಟಿ) ಬರೆದಿಡಿ.

ಔಷಧಿಯಿಂದ ಬಿಡಿಸುವುದಾದರೆ ನಾಟಕಕ್ಕೆ ಒಳ್ಳೆಯ ದೃಶ್ಯ ಸಿಗುತ್ತದೆ. ಬ್ಯುಪ್ರನಾರ್ಫಿನ್ ಎಂಬ ಮಾತ್ರೆಯನ್ನು ವಿತ್‌ಡ್ರಾವಲ್ ಚೆನ್ನಾಗಿ ಕಾಣಿಸಿಕೊಂಡ ಮೇಲೆಯೇ ಕೊಡಬೇಕು. ಮೊದಲೇ ಕೊಟ್ಟರೆ ಅದು ಹೆರಾಯಿನ್ ಕೂತ ಜಾಗದಿಂದ ಅದನ್ನು ಒಮ್ಮೆಲೇ ತಳ್ಳಿಬಿಡುತ್ತದೆ, ದಿನಗಟ್ಟಲೆ ಬರಬೇಕಾದದ್ದು ಗಂಟೆಯೊಳಗೆ ಬಂದೆರಗುತ್ತದೆ. ಆದ್ದರಿಂದ ನರ್ಸ್ ನಾಡಿ, ಪಾಪೆ, ಬೆವರು, ನಡುಕ ಹೀಗೆ 11 ಅಂಶಗಳಿಗೆ ಅಂಕ ಹಾಕುತ್ತಾಳೆ. ಅಂಕ ಸಾಲದಿದ್ದರೆ ‘ಇನ್ನೂ ಕಾಯಬೇಕು’ ಅನ್ನುತ್ತಾಳೆ. ನರಳುತ್ತಿರುವವನಿಗೆ ‘ನೀವು ಇನ್ನೂ ಸಾಕಷ್ಟು ನರಳಿಲ್ಲ’ ಎಂದ ಹಾಗೆ ಕೇಳಿಸುತ್ತದೆ. ಸಂಘರ್ಷ ಅಲ್ಲೇ ಇದೆ, ಖಳನಾಯಕ ಬೇಕಿಲ್ಲ. ಕೊನೆಗೆ 2 ಅಥವಾ 4 ಮಿಲಿಗ್ರಾಂ ನಾಲಗೆಯ ಕೆಳಗೆ. ಕರಗಲು ಐದರಿಂದ ಹತ್ತು ನಿಮಿಷ. ಅಷ್ಟು ಹೊತ್ತು ಮಾತಾಡುವ ಹಾಗಿಲ್ಲ, ಉಗುಳು ನುಂಗುವ ಹಾಗಿಲ್ಲ. ಜೀವನವೆಲ್ಲ ಬಾಯಿ ಮುಚ್ಚಿಕೊಂಡಿದ್ದವನು ಮತ್ತೆ ಬಾಯಿ ಮುಚ್ಚಿ ಕೂತಿದ್ದಾನೆ, ಎದುರಿಗೆ ಒಬ್ಬಳು ಗಡಿಯಾರ ನೋಡುತ್ತಾ ಕಾಯುತ್ತಿದ್ದಾಳೆ. ಆಮೇಲೆ ‘ನಾಲಗೆ ಎತ್ತಿ’ ಎಂದು ಟಾರ್ಚ್ ಹಾಕಿ ನೋಡುತ್ತಾಳೆ.

ಕ್ಲಾಪ್‌ಬೋರ್ಡ್:

ಮಗುವಿನ ವಿಷಯ ನಾನು ಹೇಳುತ್ತೇನೆ. ಇದು ಸೆಟ್ಟಿನಲ್ಲಿ ತೀರ್ಮಾನವಾಗುವುದಲ್ಲ, ಬರವಣಿಗೆಯಲ್ಲೇ ಆಗಬೇಕು.

ಮಗುವಿಗೆ ಪೂರ್ತಿ ಚಿತ್ರಕಥೆ ಕೊಡಬಾರದು. ಅವನ ದೃಶ್ಯಗಳ ಹಾಳೆಗಳಷ್ಟೇ, ಅದೂ ಅವನ ವಯಸ್ಸಿಗೆ ಒಪ್ಪುವ ಬೇರೆ ಕಾರಣದೊಂದಿಗೆ. ಉದಾಹರಣೆಗೆ ‘ಗಡಿಯಾರ ಒಡೆದು ಹಾಕಿದ್ದೀಯ, ಅಪ್ಪನಿಗೆ ಗೊತ್ತಾಗಿದೆ, ಮೇಲಕ್ಕೆ ಕರೆಯುತ್ತಿದ್ದಾರೆ.’ ಅಳುಕು ಅಷ್ಟರಲ್ಲೇ ಮುಖಕ್ಕೆ ಬರುತ್ತದೆ. ಆದರೆ ಸುಳ್ಳು ಹೇಳಿ ಹೆದರಿಸಿ ಅಳಿಸುವುದು ಬೇಡವೇ ಬೇಡ. ನಟನೆಯೆಂದು ಮಗುವಿಗೆ ಪ್ರತಿ ಕ್ಷಣ ಗೊತ್ತಿರಬೇಕು. ತಂದೆತಾಯಿಗಾದರೆ ಪೂರ್ತಿ ಕಥೆ, ಪೂರ್ತಿ ದೃಶ್ಯ ಗೊತ್ತಿರಬೇಕು. ಅವರು ಒಪ್ಪಿ ಬರೆದುಕೊಟ್ಟ ಮೇಲೆಯೇ ಮಗುವಿನ ಆಯ್ಕೆ.

ಕಷ್ಟದ ದೃಶ್ಯದಲ್ಲಿ ದೊಡ್ಡವನನ್ನೂ ಮಗುವನ್ನೂ ಒಂದೇ ಫ್ರೇಮಿನಲ್ಲಿ ಬರೆಯಬೇಡಿ. ಮಗುವಿನ ಶಾಟ್‌ನಲ್ಲಿ ಆ ನಟ ಕೋಣೆಯಲ್ಲೇ ಇರುವುದಿಲ್ಲ, ಲೈಟ್‌ಸ್ಟ್ಯಾಂಡಿಗೆ ಅಂಟಿಸಿದ ಟೇಪೇ ಮಗುವಿನ ನೋಟದ ಗುರುತು. ದೊಡ್ಡವನ ಶಾಟ್ ಇನ್ನೊಂದು ದಿನ, ಮಗು ಮನೆಗೆ ಹೋದ ಮೇಲೆ. ಹಿಂದಿನಿಂದ ಭುಜ, ಕೂದಲು ಬೇಕಿದ್ದರೆ ಸಣ್ಣ ಮೈಕಟ್ಟಿನ ವಯಸ್ಕರನ್ನು ನಿಲ್ಲಿಸಿ. ಹೆಜ್ಜೆ, ಚಿಲಕ, ತಂದೆಯ ದನಿ ಎಲ್ಲವನ್ನೂ ಆಮೇಲೆ ಸ್ಟುಡಿಯೋದಲ್ಲಿ ಕೂಡಿಸಿ. ಮಗು ಆ ಸದ್ದನ್ನು ಸೆಟ್ಟಿನಲ್ಲಿ ಕೇಳಿರಲೇಬಾರದು.

ಅಂಥ ದೃಶ್ಯ ಬೆಳಗಿನ ಮೊದಲ ಕೆಲಸವಾಗಲಿ, ಮಗು ದಣಿದ ಮೇಲೆ ಬೇಡ. ಮೂರು ನಾಲ್ಕು ಟೇಕ್‌ನಲ್ಲಿ ಸಿಗದಿದ್ದರೆ ದೃಶ್ಯವನ್ನೇ ಬದಲಿಸಿ. ನಿಲ್ಲಿಸಲು ಒಂದು ಪದ ಗೊತ್ತುಮಾಡಿ. ಅದನ್ನು ಮಗು ಹೇಳಿದರೂ ಕ್ಯಾಮೆರಾ ನಿಲ್ಲಬೇಕು, ಮಕ್ಕಳ ಮನಶ್ಶಾಸ್ತ್ರಜ್ಞೆ ಹೇಳಿದರೂ ನಿಲ್ಲಬೇಕು, ‘ಇನ್ನೊಂದೇ ಟೇಕ್’ ಎಂಬ ಮಾತು ಬರಬಾರದು. ಮುಗಿದ ತಕ್ಷಣ ಪಾತ್ರದ ಬಟ್ಟೆ ಬಿಚ್ಚಿಸಿ ಅವನದೇ ಬಟ್ಟೆ ಹಾಕಿಸಿ. ತಂದೆಯ ಪಾತ್ರದವನು ತನ್ನ ನಿಜವಾದ ಹೆಸರಿನಲ್ಲಿ ಮಗುವಿನ ಜೊತೆ ಹದಿನೈದು ನಿಮಿಷ ಚೆಂಡಾಡಲಿ. ಇದನ್ನು ಶೆಡ್ಯೂಲ್‌ನಲ್ಲೇ ಬರೆಯಿರಿ, ಬರೆಯದೆ ಬಿಟ್ಟರೆ ಆ ಹದಿನೈದು ನಿಮಿಷವನ್ನು ಮುಂದಿನ ಲೈಟಿಂಗ್ ನುಂಗುತ್ತದೆ.

ಒಪ್ಪಂದದಲ್ಲಿ ಎರಡು ಸಾಲು ಮರೆಯಬೇಡಿ: ಈ ದೃಶ್ಯಗಳ ತುಣುಕು ಪ್ರೋಮೋಗಾಗಲಿ ಪೋಸ್ಟರಿಗಾಗಲಿ ಬಳಕೆಯಾಗದು, ಸೆಟ್ಟಿನಲ್ಲಿ ಫೋನ್ ಚಿತ್ರೀಕರಣ ಇಲ್ಲ. ಪ್ರಸಾರವಾದ ಮೇಲೆ ಶಾಲೆಯಲ್ಲಿ ಸಹಪಾಠಿಗಳ ಕೈಗೆ ಸಿಗುವುದು ಆ ಹದಿನೈದು ಸೆಕೆಂಡಿನ ತುಣುಕೇ.

ಕರಡುಪ್ರತಿ:

ತುಂಬಾ ಉಪಕಾರವಾಯಿತು. ಬಾಲ್ಯವನ್ನು ಎರಡನೇ ಕಂತಿಗೆ ತರುತ್ತೇನೆ, ಮಾತ್ರೆ ಕರಗುವ ಹತ್ತು ನಿಮಿಷವನ್ನು ಮೂರನೆಯದಕ್ಕೆ. ರಾತ್ರಿಪಾಳಿ ಅವರೇ, ಇನ್ನೆರಡು ಕೇಳಬೇಕಿತ್ತು. ನಾಲ್ಕನೇ ಕಂತಿನಲ್ಲಿ ತಂಗಿ ಮನೆಯಲ್ಲಿದ್ದ ಬಾಟಲಿಯನ್ನೆಲ್ಲ ಸಿಂಕಿಗೆ ಸುರಿದು ಅವನನ್ನು ಕೋಣೆಯಲ್ಲಿ ಕೂಡಿಹಾಕುತ್ತಾಳೆ. ಅದೇ ಕಂತಿನ ಕೊನೆಗೆ ಅವನು ಮತ್ತೆ ಹೆರಾಯಿನ್ ತೆಗೆದುಕೊಂಡು ಪ್ರಜ್ಞೆ ತಪ್ಪುತ್ತಾನೆ. ಎರಡೂ ನಂಬುವ ಹಾಗಿವೆಯೇ?

ರಾತ್ರಿಪಾಳಿ:

ಬಾಟಲಿ ಸುರಿಯುವ ದೃಶ್ಯವನ್ನು ಪ್ರೀತಿಯ ಗೆಲುವಿನ ಹಾಗೆ ಬರೆಯಬೇಡಿ, ಕೈಮುಗಿದು ಕೇಳುತ್ತೇನೆ. ದಿನಾ ವಿಪರೀತ ಕುಡಿಯುವವನು ದಿಢೀರನೆ ನಿಲ್ಲಿಸುವುದು ಹೆರಾಯಿನ್ ನಿಲ್ಲಿಸಿದ್ದಕ್ಕಿಂತ ಅಪಾಯ. ಹೆರಾಯಿನ್ ವಿತ್‌ಡ್ರಾವಲ್ ಸತ್ತೇಹೋಗುತ್ತೇನೆ ಅನ್ನಿಸುವಷ್ಟು ನೋವು ಕೊಡುತ್ತದೆ, ಆದರೆ ಮೈಯ ನೀರು ಬತ್ತದಂತೆ ನೋಡಿಕೊಂಡರೆ ಅದೊಂದರಿಂದಲೇ ಸಾಯುವುದು ಅಪರೂಪ. ಮದ್ಯದ ವಿತ್‌ಡ್ರಾವಲ್ ನಿಜಕ್ಕೂ ಕೊಲ್ಲಬಲ್ಲದು. ಆರೇಳು ಗಂಟೆಯಲ್ಲಿ ಕೈ ನಡುಕ, ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದಲ್ಲಿ ಸನ್ನಿ: ಜ್ವರ, ಎಲ್ಲಿದ್ದೇನೆಂಬುದು ತಿಳಿಯದ ಗೊಂದಲ, ಇಲ್ಲದ ಹುಳುಹುಪ್ಪಟೆ ಗೋಡೆ ಮೇಲೆ ಕಾಣುವುದು. ಬೀಗ ಹಾಕಿದ ಕೋಣೆಯಲ್ಲಿ ಇದು ಆದರೆ ತಂಗಿ ಅಣ್ಣನನ್ನು ಕಳೆದುಕೊಳ್ಳುತ್ತಾಳೆ. ಆಸ್ಪತ್ರೆಯಲ್ಲಿ ಡಯಾಜೆಪಾಮ್ ಜಾತಿಯ ಔಷಧಿ ಕೊಟ್ಟು ದಿನದಿನಕ್ಕೆ ಇಳಿಸುತ್ತಾ ಬರುತ್ತಾರೆ, ಜೊತೆಗೆ ಮಿದುಳಿಗೆ ಪೆಟ್ಟಾಗದಿರಲು ವಿಟಮಿನ್ ಬಿ1 ಕೊಡುತ್ತಾರೆ.

ದೃಶ್ಯ ಬೇಕೇ ಬೇಕಾದರೆ ತಂಗಿ ಸುರಿಯಲಿ, ಬೀಗ ಹಾಕಲಿ, ಮರುದಿನ ಬೆಳಗ್ಗೆ ಬಾಗಿಲಾಚೆ ಏನೋ ದೊಪ್ಪನೆ ಬೀಳಲಿ. ಮುಚ್ಚಿದ ಬಾಗಿಲು ಎಂಟನೇ ವಯಸ್ಸಿನಲ್ಲಿ ಅವನಿಗೆ ಏನಾಗಿತ್ತೆಂದು ನೋಡುಗನಿಗೆ ಅಷ್ಟರಲ್ಲಿ ಗೊತ್ತಿರುತ್ತದೆ. ತಂಗಿಗೆ ಗೊತ್ತಿಲ್ಲ.

ಪ್ರಜ್ಞೆ ತಪ್ಪುವುದು ನಂಬುವ ಹಾಗೇ ಇದೆ, ಕಾರಣ ಮಾತ್ರ ಸರಿಯಾಗಿ ಬರೆಯಿರಿ. ಬಿಟ್ಟ ಮೇಲೆ ಮೈ ತನ್ನ ತಾಳಿಕೆಯನ್ನು ಕಳೆದುಕೊಂಡಿರುತ್ತದೆ, ತಲೆಗೆ ಹಳೇ ಅಳತೆಯೇ ನೆನಪಿರುತ್ತದೆ. ಆದ್ದರಿಂದಲೇ ಡೀಟಾಕ್ಸ್ ಅಥವಾ ಜೈಲಿನಿಂದ ಹೊರಬಂದ ಮೊದಲ ವಾರಗಳು ಅತಿ ಅಪಾಯದವು. ಮೇಲೆ ಮದ್ಯವೂ ಇದ್ದರೆ ಉಸಿರು ಇನ್ನೂ ಬೇಗ ಕುಗ್ಗುತ್ತದೆ. ಲಕ್ಷಣಗಳು ಸದ್ದಿಲ್ಲದವು: ಗೊರಕೆಯಂಥ ಗುರುಗುರು, ಎರಡು ಉಸಿರಿನ ನಡುವೆ ಉದ್ದುದ್ದ ಬಿಡುವು, ನೀಲಿಗಟ್ಟಿದ ತುಟಿ. ಪಕ್ಕದ ಕೋಣೆಯಲ್ಲಿದ್ದವರು ‘ಪಾಪ, ಚೆನ್ನಾಗಿ ನಿದ್ದೆ ಬಂದಿದೆ’ ಅಂದುಕೊಳ್ಳುತ್ತಾರೆ. ಎದೆಗೆ ಸೂಜಿ ಚುಚ್ಚಿ ಎಬ್ಬಿಸುವ ಸಿನಿಮಾ ಪದ್ಧತಿ ಬಿಡಿ. ಆಂಬುಲೆನ್ಸಿಗೆ ಕರೆ, ಮೂಗಿಗೆ ನಲಾಕ್ಸೋನ್ (ಹೆರಾಯಿನ್ ಪರಿಣಾಮವನ್ನು ತಡೆಯುವ ಔಷಧಿ) ಸ್ಪ್ರೇ, ಬಾಯಿಂದ ಉಸಿರು ಕೊಡುವುದು, ಎರಡು ಮೂರು ನಿಮಿಷದಲ್ಲಿ ಎಚ್ಚರವಾಗದಿದ್ದರೆ ಇನ್ನೊಂದು ಸ್ಪ್ರೇ. ಎದ್ದವನು ಕೃತಜ್ಞತೆ ಹೇಳುವುದಿಲ್ಲ. ಒಮ್ಮೆಲೇ ವಿತ್‌ಡ್ರಾವಲ್‌ಗೆ ಬಿದ್ದಿರುತ್ತಾನೆ, ಬೈಯುತ್ತಾನೆ, ಎದ್ದು ಹೋಗಲು ನೋಡುತ್ತಾನೆ. ಹೋಗಗೊಡಬಾರದು. ನಲಾಕ್ಸೋನ್ 30ರಿಂದ 90 ನಿಮಿಷದಲ್ಲಿ ಇಳಿಯುತ್ತದೆ, ಹೆರಾಯಿನ್ ಅದಕ್ಕಿಂತ ಹೆಚ್ಚು ಹೊತ್ತು ಉಳಿದರೆ ಅವನು ಮತ್ತೆ ಜಾರುತ್ತಾನೆ.

ಸುತ್ತುಕುರ್ಚಿ:

ಒಂದು ಮಾತು ಸೇರಿಸುತ್ತೇನೆ, ಮೇಲೆ ಯಾರೂ ಎತ್ತಿಲ್ಲ. ಸಿರಿಂಜ್, ಚಮಚ, ಜ್ವಾಲೆ ಇವುಗಳ ಕ್ಲೋಸಪ್ ಇದ್ದರೆ ತೆಗೆದುಹಾಕಿ. ಬಿಟ್ಟು ವರ್ಷಗಳಾದವರಿಗೂ ಆ ವಸ್ತು ಕಣ್ಣಿಗೆ ಬಿದ್ದರೆ ಹಪಹಪಿ ಏಳುತ್ತದೆ, ಅದು ಮನಸ್ಸಿನ ದೌರ್ಬಲ್ಯವಲ್ಲ, ಮಿದುಳು ಕಲಿತ ಪಾಠ. ನಿಮ್ಮ ನಾಟಕ ಯಾರಿಗಾಗಿಯೋ ಅವರೇ ಮೂರನೇ ನಿಮಿಷಕ್ಕೆ ಟಿವಿ ಆರಿಸುತ್ತಾರೆ. ಮುಖ ತೋರಿಸಿ, ಭುಜ ಇಳಿಯುವುದನ್ನು ತೋರಿಸಿ, ಸಾಕು. ಕಂತಿನ ಮೊದಲು ಎಚ್ಚರಿಕೆ, ಕೊನೆಗೆ ಸಹಾಯವಾಣಿ ಸಂಖ್ಯೆ ಬರಲಿ, ಓದಲು ಆಗುವಷ್ಟು ಹೊತ್ತು ನಿಲ್ಲಲಿ.

ಗುಂಪು ಸಭೆಯ ದೃಶ್ಯ ಇದೆಯೇ? ಚಟ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ‘ಹನ್ನೆರಡು ಹೆಜ್ಜೆ’ಗಳ ಸಭೆಗಳಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಪ್ರಶ್ನೆ ಕೇಳುವುದಿಲ್ಲ, ಸಲಹೆ ಕೊಡುವುದಿಲ್ಲ. ನಾಟಕಗಳಲ್ಲಿ ಯಾರೋ ಒಬ್ಬರು ಕೆದಕಿ ಕೆದಕಿ ಬಾಯಿ ಬಿಡಿಸುತ್ತಾರೆ, ಅದು ಅಲ್ಲಿನ ನಡೆಯಲ್ಲ. ನಾಯಕ ತನ್ನ ಹೆಸರು ಹೇಳಿ ‘ಇವತ್ತು ನಾನು ಕೇಳುತ್ತೇನಷ್ಟೇ’ ಎನ್ನಬಹುದು, ಎಲ್ಲರೂ ಅದನ್ನು ಒಪ್ಪಿ ಮುಂದಿನವರ ಕಡೆ ತಿರುಗುತ್ತಾರೆ. ಬಲವಂತವೇ ಇಲ್ಲದ ಕೋಣೆ ಅವನು ಬಾಳಿನಲ್ಲಿ ಕಂಡ ಮೊದಲನೆಯದು ಇರಬಹುದು.

ಚಿಕಿತ್ಸೆಯ ಕ್ರಮ ಹೇಳುವುದಾದರೆ, ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಮೂರು ಹಂತ ವಿವರಿಸಿದರು: ಮೊದಲು ಸುರಕ್ಷತೆ, ನಂತರ ನೆನೆದು ಶೋಕಿಸುವುದು, ಆಮೇಲೆ ಬದುಕಿಗೆ ಮತ್ತೆ ಬೆಸೆದುಕೊಳ್ಳುವುದು. ನಾಟಕಗಳು ಎರಡನೆಯದಕ್ಕೇ ಜಿಗಿಯುತ್ತವೆ. ಮೊದಲ ಹಂತ ನೀರಸ ಕಾಣುತ್ತದೆ: ನಿದ್ದೆ, ಊಟ, ಭಯ ಬಂದಾಗ ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳುವುದು. ಆದರೆ ಈ ತಳಪಾಯವಿಲ್ಲದೆ ಬಾಲ್ಯವನ್ನು ಕೆದಕಿದರೆ, ಆ ನೋವಿಗೆ ಅವನಿಗೆ ಗೊತ್ತಿರುವ ಔಷಧಿ ಹೆರಾಯಿನ್ ಒಂದೇ. ‘ಮೊದಲು ಚಟ ಬಿಟ್ಟು ಬಾ, ಬಾಲ್ಯದ ಮಾತು ಆಮೇಲೆ’ ಎಂದು ಬಾಗಿಲು ಹಾಕುವ ಥೆರಪಿಸ್ಟ್‌ನ್ನೂ ಬರೆಯಬೇಡಿ. ಎರಡಕ್ಕೂ ಜೊತೆಜೊತೆಗೆ ಚಿಕಿತ್ಸೆ ನಡೆಯುವ ಪದ್ಧತಿಗಳಿವೆ. 1998ರಲ್ಲಿ ಪ್ರಕಟವಾದ ಬಾಲ್ಯದ ಪ್ರತಿಕೂಲ ಅನುಭವಗಳ ಅಧ್ಯಯನದಲ್ಲಿ, ನಾಲ್ಕು ಅಥವಾ ಹೆಚ್ಚು ಬಗೆಯ ಅನುಭವಗಳಿದ್ದವರಲ್ಲಿ ಮದ್ಯವ್ಯಸನ, ಮಾದಕವ್ಯಸನ, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚು ಕಂಡಿತ್ತು. ಆದರೂ ನೋವುಂಡ ಎಲ್ಲರೂ ವ್ಯಸನಿಗಳಾಗುವುದಿಲ್ಲ. ಆ ತಂಗಿಯೂ ಅದೇ ಮನೆಯಲ್ಲಿ ಬೆಳೆದವಳಲ್ಲವೇ? ಅವಳ ಬಾಳಿನಲ್ಲಿ ಅದು ಬೇರೆ ರೂಪದಲ್ಲಿ ಇರಬಹುದು, ಉದಾಹರಣೆಗೆ ರಾತ್ರಿ ಮೂರು ಸಲ ಎದ್ದು ತನ್ನ ಮಕ್ಕಳ ಕೋಣೆ ನೋಡಿ ಬರುವುದು.

ಇನ್ನು ತಾಯಿಯ ಎದುರಿನ ಮಾತು. ಅದನ್ನು ಐದನೇ ಕಂತಿಗೆ ತನ್ನಿ, ತಾಯಿ ಸರಿಯಾದ ಉತ್ತರ ಕೊಡದಿರಲಿ. ‘ಆ ಪರದೆಗಳನ್ನೂ ಮಡಚಿಡು’ ಎಂದು ಮಾತು ತಿರುಗಿಸಲಿ. ಹೇಳಿದ್ದು ನಂಬಿಕೆ ಗಳಿಸಲಿಲ್ಲ, ಆದರೂ ಹೇಳಿಯಾಗಿದೆ. ಆರನೇ ಕಂತು ಅದರ ಮರುದಿನದಿಂದ ಶುರುವಾಗಲಿ. ಆ ದಿನ ಅವನು ಕುಡಿಯಬಹುದು, ಕುಡಿಯದೆಯೂ ಇರಬಹುದು. ಒಂದು ಸಲ ಜಾರಿದವನಿಗೆ ಅತಿ ಅಪಾಯದ ಯೋಚನೆ ‘ಹೇಗೂ ಕೆಟ್ಟಾಯಿತು, ಇನ್ನೇನು’ ಎಂಬುದು. ಜಾರಿದ ರಾತ್ರಿಯೇ ಯಾರಿಗಾದರೂ ಫೋನ್ ಮಾಡುತ್ತಾನೋ ಇಲ್ಲವೋ ಎಂಬುದೇ ನಿಮ್ಮ ಕೊನೆಯ ದೃಶ್ಯವಾಗಬಹುದು.

ಕರಡುಪ್ರತಿ:

ತಂಗಿಗೆ ಇದುವರೆಗೆ ಒಟ್ಟು ಹನ್ನೊಂದು ಸಾಲು ಮಾತಿತ್ತು. ಮೂರನೇ ಕರಡನ್ನು ಅವಳು ರಾತ್ರಿ ಎದ್ದು ಮಕ್ಕಳ ಕೋಣೆಗೆ ಹೋಗುವಲ್ಲಿಂದ ಶುರುಮಾಡುತ್ತಿದ್ದೇನೆ. ಮುಗಿದ ಮೇಲೆ ಮಗುವಿನ ದೃಶ್ಯಗಳನ್ನಷ್ಟೇ ಬೇರೆ ತೆಗೆದು ಇಲ್ಲಿ ಹಾಕುತ್ತೇನೆ. ಕ್ಲಾಪ್‌ಬೋರ್ಡ್ ಅವರೇ, ಶಾಟ್ ಶಾಟ್ ಆಗಿ ನೋಡಿಕೊಡಿ.

ಕ್ಲಾಪ್‌ಬೋರ್ಡ್:

ಹಾಕಿ, ನೋಡುತ್ತೇನೆ. ಮಗುವಿನ ಹಾಳೆಗಳನ್ನೂ ಪೂರ್ತಿ ಚಿತ್ರಕಥೆಯ ಹಾಳೆಗಳನ್ನೂ ಬೇರೆ ಬೇರೆ ಬಣ್ಣದ ಕಾಗದದಲ್ಲಿ ಮುದ್ರಿಸುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ. ಸೆಟ್ಟಿನ ಗಡಿಬಿಡಿಯಲ್ಲಿ ಮಗುವಿನ ಕೈಗೆ ತಪ್ಪು ಹಾಳೆ ಹೋಗುವುದು ಎರಡೂ ಬಿಳಿಯಾಗಿದ್ದಾಗಲೇ.